ರೇಡಿಯೊ ಮನೆಯ ದೊಡ್ಡ ಸೊಸೆ

ಕೃಷ್ಣರಾಜನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನನಗೆ ಇಪ್ಪತ್ತಾರು ವರ್ಷ. ಮದುವೆಯಾಗಿರಲಿಲ್ಲ. ತಂದೆ ತಾಯಿ ತೀರಿಕೊಂಡಿದ್ದರು. ಪಿರಿಯಾಪಟ್ಟಣದಲ್ಲಿ ಅಣ್ಣನ ಮನೆಯಿತ್ತು. ಹಬ್ಬಕ್ಕೆ ಹೋದರೆ ಮೂರನೆಯ ದಿನವೇ ಅತ್ತಿಗೆ, "ವಾಪಸ್ ಹೋಗೋಕೆ ಹುಣಸೂರಿನ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳುತ್ತಿದ್ದರು. ಹಾಗಾಗಿ ಹೋಗುವುದೂ ಕಡಿಮೆಯಾಯಿತು. ಭತ್ತದ ಮಂಡಿಯವರೊಬ್ಬರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಶಾಲೆ ಬಿಟ್ಟ ಮೇಲೆ ಮರುದಿನ ಪ್ರಾರ್ಥನೆಯ ಗಂಟೆ ಹೊಡೆಯುವವರೆಗೆ ಯಾರ ಜೊತೆಗೂ ಒಂದು ಮಾತಾಡದ ದಿನಗಳು ಎಷ್ಟೋ ಇದ್ದವು.

ಶನಿವಾರ ಮಾತ್ರ ಮಧ್ಯಾಹ್ನ ಅರ್ಧ ಗಂಟೆ ನಾನು ಹನ್ನೊಂದು ಜನರ ತುಂಬುಮನೆಯ ದೊಡ್ಡ ಸೊಸೆಯಾಗಿರುತ್ತಿದ್ದೆ. ಮೈಸೂರಿನ ರೇಡಿಯೊ ನಿಲಯದಿಂದ ಹೆಂಗಸರಿಗಾಗಿ ವಾರವಾರ ಬರುತ್ತಿದ್ದ ಸಂಸಾರದ ನಾಟಕ ಅದು. ತರಬೇತಿ ಶಾಲೆಯಲ್ಲಿ ನಾನು ಓದುವುದನ್ನು ಕೇಳಿದ್ದ ಉಪಾಧ್ಯಾಯಿನಿಯೊಬ್ಬರು ಅಲ್ಲಿಗೆ ಸೇರಿಸಿದ್ದರು. ಎಂಟು ವಾರಕ್ಕೆಂದು ಶುರುವಾದದ್ದು ಮೂರು ವರ್ಷವಾದರೂ ಮುಗಿಯಲಿಲ್ಲ. ಕೇಳುವವರು ಮುಗಿಸಲು ಬಿಡಲಿಲ್ಲ. ದೊಡ್ಡ ಸೊಸೆ ಹೆತ್ತ ವಾರ ಹುಣಸೂರಿನಿಂದ ಯಾರೋ ನಿಲಯಕ್ಕೆ ಬಾಣಂತಿ ಲೇಹ್ಯ ಕಳಿಸಿದ್ದರು. ಅದನ್ನು ನನ್ನ ಕೈಗೇ ಕೊಟ್ಟರು. ಏನು ಮಾಡಬೇಕೆಂದು ತಿಳಿಯದೆ ತಂದು ಟ್ರಂಕಿನಲ್ಲಿಟ್ಟೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ರೈಲು ಹಿಡಿಯುತ್ತಿದ್ದೆ. ಸ್ಟುಡಿಯೊದೊಳಗೆ ಹೋಗುವ ಮುಂಚೆ ಸದ್ದಾಗದಂತೆ ಬಳೆ ತೆಗೆದಿಡಬೇಕು. ನನ್ನ ಗಯ್ಯಾಳಿ ಅತ್ತೆಯಾಗುತ್ತಿದ್ದವಳು ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿ. ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅರ್ಧ ಗಂಟೆ ಮುಗಿದು ಕೆಂಪು ದೀಪ ಆರಿತೆಂದರೆ ಅತ್ತೆ ಹಾಸ್ಟೆಲಿಗೆ ಓಡುತ್ತಿದ್ದಳು, ಮಾವ ಕೊಡೆ ಹಿಡಿದು ಮನೆಗೆ ನಡೆಯುತ್ತಿದ್ದರು. ನನ್ನ ಗಂಡ, "ಬರ್ತೀನಿ ಮೇಡಂ" ಎಂದು ಕೈಮುಗಿದು ಹೊರಡುತ್ತಿದ್ದರು. ನಾನು ಬಳೆ ಹಾಕಿಕೊಂಡು ಸ್ಟೇಷನ್ನಿಗೆ ಬರುತ್ತಿದ್ದೆ.

ಈ ವಿಷಯ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೀಚರು ನಾಟಕದಲ್ಲಿ ಪಾತ್ರ ಮಾಡುತ್ತಾಳೆ ಎಂದರೆ ಆ ಕಾಲದಲ್ಲಿ ಸುಮ್ಮನಿರುವವರು ಕಡಿಮೆ. ನನ್ನ ಹೆಸರು ಹೇಳಬೇಡಿ ಎಂದು ನಿಲಯದವರಲ್ಲಿ ಕೇಳಿಕೊಂಡಿದ್ದೆ. ಮೈಕಿನ ಮುಂದೆ ದನಿಯನ್ನೂ ಬದಲಿಸಿಕೊಳ್ಳುತ್ತಿದ್ದೆ. ಮನೆಯೊಡತಿಗೆ, ಹಿಂದಿ ಪರೀಕ್ಷೆಯ ಪಾಠಕ್ಕೆ ಮೈಸೂರಿಗೆ ಹೋಗುತ್ತೇನೆ ಎಂದಿದ್ದೆ.

ಮನೆಯೊಡತಿಗೆ ನಲವತ್ತರ ಆಸುಪಾಸು. ಯಜಮಾನರು ಹೆಚ್ಚು ಮಾತಿನವರಲ್ಲ, ಇಡೀ ದಿನ ಮಂಡಿಯಲ್ಲೇ ಇರುತ್ತಿದ್ದರು. ಶನಿವಾರ ಅವರ ನಡುಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ರೇಡಿಯೊ ಕೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಆಕೆ ಎರಡು ಲೋಟ ಕಾಫಿ ಹಿಡಿದು ನನ್ನ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತುಬಿಡುವರು.

"ನಿಮ್ ಹಿಂದಿ ಹಾಳಾಗೋಗ್ಲಿ, ನೆನ್ನೆ ನೀವು ಇರ್ಬೇಕಿತ್ತು ಕಣ್ರೀ ಟೀಚರಮ್ಮ. ದೊಡ್ ಸೊಸೆ ಅವ್ರತ್ತೆಗೆ ಏನಂದ್ಲು ಗೊತ್ತಾ?"

"ಏನಂದ್ಲು ಅಕ್ಕ?"

"'ಈ ಮನೇಲಿ ನಾನು ಉಂಡ್ನಾ ಬುಟ್ನಾ ಅಂತ ಒಬ್ರಾದ್ರೂ ಕೇಳೀರಾ' ಅಂದ್ಲು. ಅಷ್ಟೆಯ. ಅತ್ತೆ ಬಾಯೇ ಬುಡ್ನಿಲ್ಲ."

ಆ ಮಾತು ನಾಟಕದಲ್ಲಿ ಇರಲೇ ಇಲ್ಲ. ನಾನು ಹೇಳಿದ್ದು, "ಊಟಕ್ಕೆ ಬನ್ನಿ ಅತ್ತೆ" ಎಂದಷ್ಟೆ. ಆದರೂ ಕಣ್ಣರಳಿಸಿ ಕೇಳಿದೆ. ಆಕೆ ಹೇಳುವ ದೊಡ್ಡ ಸೊಸೆ ನನ್ನವಳಿಗಿಂತ ದಿಟ್ಟೆ. ಕಾಫಿ ಮುಗಿದರೂ ಕಥೆ ಮುಗಿಯುತ್ತಿರಲಿಲ್ಲ. ಆ ಒಂದು ಗಂಟೆಗಾಗಿ ನಾನು ಇಡೀ ವಾರ ಕಾಯುತ್ತಿದ್ದೆ.

ಹೀಗಿರುವಾಗ ರೇಡಿಯೊ ನಿಲಯ ಬೆಂಗಳೂರಿಗೆ ಹೋಯಿತು. ನಾಟಕವೂ ಅಲ್ಲಿಂದಲೇ ಮುಂದುವರಿಯುತ್ತದೆ ಎಂದರು. ಶಾಲೆ ಮುಗಿಸಿಕೊಂಡು ಬೆಂಗಳೂರಿಗೆ ಹೋಗಿಬರುವುದು ಆಗದ ಮಾತು. ನನ್ನ ಜಾಗಕ್ಕೆ ಅಲ್ಲಿಯ ಒಬ್ಬಾಕೆಯನ್ನು ತೆಗೆದುಕೊಂಡರು.

ಹಿಂದಿ ಪಾಠ ಮುಗಿಯಿತೆಂದು ಮನೆಯೊಡತಿಗೆ ಹೇಳಿದೆ. ಆಕೆಗೆ ಸಂತೋಷವಾಗಿ ಶನಿವಾರ ತಮ್ಮ ಪಕ್ಕದಲ್ಲೇ ಚಾಪೆ ಹಾಸಿದರು. ನಾಟಕ ಶುರುವಾಯಿತು. ಹೊಸಬಳ ದನಿ ಚೆನ್ನಾಗಿಯೇ ಇತ್ತು, ನನ್ನದಕ್ಕಿಂತ ತುಸು ತೆಳು. ಪಕ್ಕದ ಮನೆಯ ಮುದುಕಿ, "ಪಾಪ, ನೆಗಡಿ ಆಗ್ಯದೆ ಅವ್ಳಿಗೆ" ಎಂದರು. ಮುಂದಿನ ವಾರ, "ಇನ್ನೂ ವಾಸಿಯಾಗ್ನಿಲ್ಲ" ಎಂದರು. ಮೂರನೆಯ ವಾರ ಯಾರೂ ಏನೂ ಅನ್ನಲಿಲ್ಲ.

ಭಾನುವಾರ ಮನೆಯೊಡತಿ ಎಂದಿನಂತೆ ಕಾಫಿ ತಂದರು. ಆದರೆ ಹೇಳುವುದಕ್ಕೆ ಏನಿತ್ತು? "ನೀವೂ ಕೇಳಿದ್ರಲ್ಲ" ಎಂದು ಸುಮ್ಮನಾದರು. ಕೆಲವು ವಾರಗಳಲ್ಲಿ ಕೂರುವುದೂ ಕಡಿಮೆಯಾಯಿತು. ಒಂದು ಭಾನುವಾರ ಆಕೆ ಎದ್ದು ಹೊರಡುವಾಗ ನಾನು ತಡೆಯಲಾರದೆ ಹೇಳಿಬಿಟ್ಟೆ.

"ಅಕ್ಕ, ಮೊದಲಿನ ದೊಡ್ಡ ಸೊಸೆ ನಾನೇ."

"ಏನ್ ತಮಾಸೆ ಮಾಡೀರಿ ಬುಡಿ" ಎಂದು ನಕ್ಕರು.

ನಾನು ಆ ದನಿಯಲ್ಲೇ, "ಊಟಕ್ಕೆ ಬನ್ನಿ ಅತ್ತೆ" ಎಂದೆ.

ಆಕೆಯ ನಗು ನಿಂತಿತು. ಕೈಯಲ್ಲಿದ್ದ ಲೋಟವನ್ನು ಹೊಸ್ತಿಲ ಮೇಲಿಟ್ಟರು.

"ಮತ್ತೆ ನಾನು ವಾರವಾರ ಬಂದು ನಿಮ್ಗೇ ಹೇಳ್ತಿದ್ನಲ್ಲ, ಇಲ್ದಿದ್ದೆಲ್ಲಾ ಸೇರ್ಸಿ. ಮನಸ್ನಲ್ಲಿ ಎಷ್ಟು ನಗ್ತಿದ್ರೋ."

"ಇಲ್ಲ ಅಕ್ಕ" ಎಂದೆ. ನಗುತ್ತಿರಲಿಲ್ಲ, ಅದನ್ನು ಕೇಳುವುದಕ್ಕೇ ಬದುಕಿದ್ದೆ ಎಂದು ಹೇಳಬೇಕಿತ್ತು.

ಆಕೆ ಜಗಳವಾಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಎದುರಾದರೆ ಊಟವಾಯಿತೇ ಎಂದು ವಿಚಾರಿಸುತ್ತಿದ್ದರು. ಹಬ್ಬದ ದಿನ ಮಗಳ ಕೈಲಿ ಹೋಳಿಗೆ ಕಳಿಸುತ್ತಿದ್ದರು. ಆದರೆ ನನ್ನ ಹೊಸ್ತಿಲ ಮೇಲೆ ಮತ್ತೆ ಕೂರಲಿಲ್ಲ.

ಮರುವರ್ಷ ನನಗೆ ಹೆಗ್ಗಡದೇವನಕೋಟೆಯ ಕಡೆಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಆಕೆ ಬಂದು ಕುಂಕುಮ ಕೊಟ್ಟರು.

"ಅಲ್ಲಿ ಜೊತೇಲಿ ಯಾರವ್ರೆ?"

"ಯಾರೂ ಇಲ್ಲ ಅಕ್ಕ."

ಇನ್ನೇನೋ ಹೇಳುವವರಂತೆ ನಿಂತಿದ್ದರು. ಅಷ್ಟರಲ್ಲಿ ಒಳಗಿನಿಂದ ಯಜಮಾನರು ಕರೆದರು, ಆಕೆ ಒಳಗೆ ಹೋದರು. ಗಾಡಿಯವನು ಟ್ರಂಕು ಎತ್ತಿಟ್ಟ ಮೇಲೂ ಸ್ವಲ್ಪ ಹೊತ್ತು ಕಾದೆ. ಆಕೆ ಮತ್ತೆ ಹೊರಗೆ ಬರಲಿಲ್ಲ.

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನನ್ನ ಹೊಸ ಶಾಲೆ. ಆ ಊರಿನಲ್ಲಿ ಒಂದು ರೇಡಿಯೊ ಸಹ ಇರಲಿಲ್ಲ. ನಾಟಕ ಯಾವಾಗ ನಿಂತಿತೋ, ದೊಡ್ಡ ಸೊಸೆ ಕೊನೆಗೆ ಏನಾದಳೋ, ನನಗೆ ಹೇಳುವವರು ಯಾರೂ ಸಿಗಲಿಲ್ಲ.