ಮುಟ್ಟಿದವರದೇ ಹಳ್ಳ

ನಮ್ಮ ಯಜಮಾನರು ಗಾರೆ ಕೆಲಸದ ಮೇಸ್ತ್ರಿ. ಐವತ್ತು ವರ್ಷ ಊರವರ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ ಮನುಷ್ಯ, ತಮ್ಮ ಪರವಾಗಿ ಒಂದು ಮಾತು ನೆಟ್ಟಗೆ ಆಡಿದವರಲ್ಲ. ಯಾರು ಏನೆಂದರೂ "ಆಯ್ತು ಬಿಡಿ". ಅದನ್ನು ಕೇಳಿ ಕೇಳಿಯೇ ನನ್ನ ಕೂದಲು ಬೆಳ್ಳಗಾಯಿತು. ಅದಕ್ಕೇ ಅವರ ಕಥೆಯನ್ನು ನಾನು ಹೇಳುತ್ತಿದ್ದೇನೆ. ಅವರಿಗೇ ಬಿಟ್ಟರೆ ಎರಡು ಮಾತಿನಲ್ಲಿ ಮುಗಿಸಿ ಎದ್ದು ಹೋಗುತ್ತಾರೆ.

ನಮ್ಮ ಬೀದಿಯ ಮೇಲಿನ ಗುಡ್ಡದಲ್ಲಿ ಒಂದು ಗಣಿಯಿತ್ತು. ಇಪ್ಪತ್ತು ವರ್ಷದ ಹಿಂದೆ ಅದರ ಮಾಲೀಕರು ಸಿಕ್ಕಷ್ಟು ಬಾಚಿಕೊಂಡು, ಕಂಪನಿಯನ್ನೇ ಮುಚ್ಚಿ, ಕೈ ತೊಳೆದುಕೊಂಡು ಹೋದರು. ಅವರು ಕೈ ತೊಳೆದ ನೀರೇ ನಮಗೆ ಉಳಿದದ್ದು! ಗಣಿಯ ಬಾಯಿಂದ ಬರುವ ಹುಳಿ ನೀರು ತುಕ್ಕಿನ ಬಣ್ಣಕ್ಕೆ ತಿರುಗಿ ಹಳ್ಳ ಸೇರುತ್ತಿತ್ತು. ಹಳ್ಳದ ನೀರೇ ನಮ್ಮ ನಲ್ಲಿಗೆ. ಒಗೆದ ಬಟ್ಟೆ ಕೆಂಪು, ಬಕೆಟ್ಟಿನ ತಳ ಕೆಂಪು, ಮೊಮ್ಮಗಳ ಮೈತುಂಬ ಗುಳ್ಳೆ. ಒಂದು ದಿನ ಅವಳಿಗೆ ಸ್ನಾನ ಮಾಡಿಸುತ್ತಾ ಅಂದುಬಿಟ್ಟೆ: "ಊರವರಿಗೆಲ್ಲ ಮನೆ ಕಟ್ಟಿಕೊಡ್ತೀರಿ, ಈ ಒಂದು ನೀರಿಗೆ ಏನೂ ಮಾಡೋಕಾಗಲ್ವಾ ನಿಮ್ಮ ಕೈಲಿ?"

ಅವರು ಮರುದಿನವೇ ಸುಣ್ಣದ ಕಲ್ಲು ತರಿಸಿದರು. ಸುಣ್ಣ ಹುಳಿಯನ್ನು ಮುರಿಯುತ್ತದೆ ಅನ್ನುವುದು ಗಾರೆಯವರಿಗೆ ಗೊತ್ತಿಲ್ಲದ್ದೇ? ಗಣಿಯಿಂದ ಹಳ್ಳಕ್ಕೆ ಇಳಿಯುವ ಕಾಲುವೆಯ ಉದ್ದಕ್ಕೂ ಕಲ್ಲು ಹಾಸಿದರು, ಕೆಳಗೆ ತುಕ್ಕು ತಂಗಲೆಂದು ಎರಡು ಗುಂಡಿ ತೋಡಿದರು. ಕಲ್ಲಿಗೆ ತುಕ್ಕು ಮೆತ್ತಿಕೊಂಡರೆ ಅದು ಕೆಲಸ ಮಾಡುವುದಿಲ್ಲವಂತೆ. ವಾರಕ್ಕೊಮ್ಮೆ ಹಾರೆ ಹಿಡಿದು ಒಂದೊಂದನ್ನೂ ಹೊರಳಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ ನಲ್ಲಿ ನೀರು ತಿಳಿಯಾಯಿತು. ಮಗುವಿನ ಮೈ ವಾಸಿಯಾಯಿತು. ಬೀದಿಯವರು ಹೊಗಳಿದ್ದೇ ಹೊಗಳಿದ್ದು.

ಐದನೇ ತಿಂಗಳಿಗೆ ಬಂತು ನೋಡಿ, ಜಲ ಇಲಾಖೆಯ ನೋಟಿಸು. ಗಣಿಗೆ ಈಗ ಮಾಲೀಕರಿಲ್ಲ. ಅದು ಮುಚ್ಚಿದ ಮೇಲೆ ಅದರ ಕಾಲುವೆಗೆ ಯಾರು ಕೈ ಹಾಕಿದರೋ, ಅಲ್ಲಿಂದ ಹರಿಯುವ ನೀರಿಗೆಲ್ಲ ಅವರೇ ಹೊಣೆ. ಆ ನೀರನ್ನು ಇಲಾಖೆ ಹೇಳಿದ ಮಟ್ಟಕ್ಕೆ ಪೂರಾ ಶುದ್ಧ ಮಾಡಿಕೊಡಬೇಕು, ಇಲ್ಲವಾದರೆ ಮನೆ ಜಪ್ತಿ. ಕಲ್ಲುಗಳನ್ನೂ ಕೀಳಿಸಲಾಗುವುದು.

ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವರು ಯಾರೋ, ಉಣ್ಣುವವರು ನಾವು! ಮೈ ಉರಿದುಹೋಯಿತು. ಸಿಟ್ಟಿಗಿಂತ ಹೆಚ್ಚಾಗಿ ಭಯ. ಆ ಎರಡು ಕೋಣೆ ಬಿಟ್ಟರೆ ನಮಗೆ ಇನ್ನೊಂದು ಸೂರಿಲ್ಲ, ಅವರನ್ನು ಇದಕ್ಕೆ ಹಚ್ಚಿದವಳು ನಾನೇ.

ವಿಚಾರಣೆ ಇಲಾಖೆಯ ಮಹಡಿಯ ಕೋಣೆಯಲ್ಲಿ. ಮೇಜಿನಾಚೆ ಕನ್ನಡಕ ಹಾಕಿದ ಹೆಂಗಸೊಬ್ಬರು, ಅವರೇ ಹಿರಿಯ ಅಧಿಕಾರಿ. ಪಕ್ಕದಲ್ಲಿ ನಮ್ಮ ಮೇಲೆ ನೋಟಿಸು ಹೊರಡಿಸಿದ ಇಂಜಿನಿಯರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಇಂಜಿನಿಯರು ಗೋಡೆಯ ಮೇಲೆ ಕಾಲುವೆಯ ಫೋಟೋ ದೊಡ್ಡದಾಗಿ ತೋರಿಸಿದ.

"ಈ ಕಲ್ಲು ಹಾಕಿದ್ದು ನೀವೇನಾ?"

"ಹೌದು ಸಾರ್."

"ನೋಡಿ ಮೇಡಂ, ಗೊತ್ತುಗುರಿ ಇಲ್ಲದ ಕೆಲಸ. ಕಲ್ಲು ಸುರಿದು ಹೋಗಿದಾರೆ ಅಷ್ಟೇ."

ಫೋಟೋದ ಮೂಲೆಯಲ್ಲಿ ಕಾಲುವೆಗೆ ಅಡ್ಡಲಾಗಿ ಮೊಳದೆತ್ತರದ ಸಿಮೆಂಟು ಕಟ್ಟೆಯಿತ್ತು. ಅದರ ದುಂಡನೆಯ ಅಂಚು ನೋಡಿದ್ದೇ ನನಗೆ ಗುರುತು ಹತ್ತಿತು. ನಮ್ಮವರು ಹಸಿ ಸಿಮೆಂಟಿನ ಅಂಚನ್ನು ಚಮಚದ ಬೆನ್ನಿಂದ ತೀಡುತ್ತಾರೆ. ಹಾಗೆ ನನ್ನ ಅಡುಗೆಮನೆಯ ಎಷ್ಟು ಚಮಚ ಹಾಳಾದವೋ ಲೆಕ್ಕವಿಲ್ಲ! ಊರಲ್ಲಿ ಇನ್ನಾರಿಗೂ ಆ ಅಂಚು ಬರುವುದಿಲ್ಲ. ಎದ್ದು ನಿಂತೆ.

"ಯಾರ ಕೆಲಸಕ್ಕೆ ಹೆಸರಿಡ್ತಿದೀರಿ? ಆ ಮೂಲೇಲಿರೋ ಕಟ್ಟೆ ನೋಡಿ. ಅದೂ ಇವರೇ ಕಟ್ಟಿದ್ದು. ಒಂದು ಬಿರುಕು ತೋರಿಸಿ ನೋಡೋಣ!"

ಇಂಜಿನಿಯರು ನಕ್ಕ. "ಬರ್ಕೊಳ್ಳಿ," ಅಂದ ಗುಮಾಸ್ತನಿಗೆ. "ಇನ್ನೊಂದು ಸಲವೂ ಕೈ ಹಾಕಿದಾರೆ. ಮನೆಯವರೇ ಒಪ್ಪಿಕೊಂಡ್ರು."

ನನ್ನ ಬಾಯಿಗೆ ಬೆಂಕಿ ಬೀಳ, ಇದ್ದೊಂದು ಮನೆಯನ್ನೂ ನಾನೇ ಕಳೆದೆ ಅಂದುಕೊಂಡೆ.

ಆಗ ನಮ್ಮವರು ಎದ್ದರು.

"ಹೌದು ತಾಯಿ, ಆ ಕಟ್ಟೆ ನಾನೇ ಕಟ್ಟಿದ್ದು. ಹನ್ನೊಂದು ವರ್ಷ ಆಯ್ತು. ಗಣಿ ಆಗಲೇ ಮುಚ್ಚಿತ್ತು. ನೀರು ಎಷ್ಟು ಹರಿಯುತ್ತೆ ಅಂತ ಅಳೆಯೋಕೆ ಕಟ್ಟಿಸಿದ್ರು."

"ಕಟ್ಟಿಸಿದ್ದು ಯಾರು?" ಹಿರಿಯ ಅಧಿಕಾರಿ ಕೇಳಿದರು.

"ನೀವೇ. ಈ ಇಲಾಖೆಯೇ."

ಆ ಹೆಂಗಸು ಇಂಜಿನಿಯರ ಮುಂದಿದ್ದ ಫೈಲನ್ನು ಎಳೆದುಕೊಂಡು ಹಾಳೆ ಮಗುಚುತ್ತಾ ಹೋದರು. ತಳದಲ್ಲಿ ಸಿಕ್ಕಿತು, ಆ ಕಟ್ಟೆ ಕಟ್ಟಿಸಲು ಇಲಾಖೆಯ ಮೊಹರು ಬಿದ್ದ ಆದೇಶ.

"ಮುಟ್ಟಿದೋರೇ ಹೊಣೆ ಅಂದ್ರೆ, ನನಗಿಂತ ಎಷ್ಟೋ ವರ್ಷ ಮೊದಲೇ ನೀವು ಮುಟ್ಟಿದೀರಿ," ಅಂದರು ನಮ್ಮವರು. "ಮುಟ್ಟಿದ ಮಾತ್ರಕ್ಕೆ ಹೊಣೆ ಅಲ್ಲ ಅಂದ್ರೆ ನಾನೂ ಅಲ್ಲ. ಯಾವುದಾದ್ರೂ ಒಂದು ಹೇಳಿ ತಾಯಿ, ನಂಗೆ ಕಲ್ಲು ಹೊರಳಿಸೋಕೆ ಹೊತ್ತಾಯ್ತು."

ಮದುವೆಯಾದ ನಲವತ್ತೆರಡು ವರ್ಷದಲ್ಲಿ ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಂಜಿನಿಯರದು ಹರಳೆಣ್ಣೆ ಕುಡಿದ ಮುಖ. ಹಿರಿಯ ಅಧಿಕಾರಿ ಮಾತ್ರ ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೋಟಿಸು ಅಲ್ಲೇ ರದ್ದಾಯಿತು.

ಆರು ತಿಂಗಳಿಗೆ ನಿಯಮವೇ ಬದಲಾಯಿತು. ಪಾಳುಬಿದ್ದ ಗಣಿಯ ನೀರನ್ನು ಇಲಾಖೆಗೆ ತಿಳಿಸಿ ಶುದ್ಧ ಮಾಡಲು ಹೊರಟವರ ತಲೆಗೆ ಹಿಂದಿನವರ ಕೊಳೆ ಕಟ್ಟುವಂತಿಲ್ಲ. ನಮ್ಮ ಕಾಲುವೆಯ ಹೊಣೆ ಇನ್ನು ಇಲಾಖೆಯದು. ಆ ಆದೇಶವನ್ನು ನಮ್ಮ ಬಾಗಿಲಿಗೆ ತಂದುಕೊಟ್ಟವನು ಯಾರು ಅಂತೀರಿ? ಅದೇ ಇಂಜಿನಿಯರು. ಹೊಸ ಹಾರೆಯೊಂದನ್ನು ಹಿಡಿದು, ಚಪ್ಪಲಿ ಹೊರಗೆ ಬಿಟ್ಟು, "ಮೇಸ್ತ್ರಿಗಳೇ, ಇನ್ನೂ ಏಳು ಗಣಿ ಇದೆ. ಕಲ್ಲು ಹಾಸೋದು ನಮ್ಮವರಿಗೂ ಹೇಳಿಕೊಡಬೇಕು," ಅಂದ.

ಅವನು ಹೋದ ಮೇಲೆ ನಾನು ನಡುಮನೆಯಲ್ಲಿ ಕೂತು ಗೋಳೋ ಎಂದು ಅತ್ತುಬಿಟ್ಟೆ.

"ಗೆದ್ವಲ್ಲೇ, ಈಗ್ಯಾಕೆ ಅಳ್ತೀಯ?" ಅಂದರು ಅವರು.

"ಕೂತು ಅಳೋಕೆ ಮನೆ ಉಳೀತಲ್ಲ, ಅದಕ್ಕೇ ಕಣ್ರೀ," ಅಂದೆ.