ಕೋಡಿ ಕಡೆ, ತೂಬಿನ ಕಡೆ

ನಮ್ಮ ದೋಣಿಯಲ್ಲಿ ಬಲ, ಎಡ ಅನ್ನುವುದು ಇರಲಿಲ್ಲ. ಕೋಡಿ ಕಡೆ, ತೂಬಿನ ಕಡೆ, ಅಷ್ಟೇ. ಹೊಸಕೋಟೆ ದೊಡ್ಡ ಕೆರೆಯ ಏರಿಯ ಒಂದು ತುದಿಗೆ, ಹೆಚ್ಚಾದ ನೀರು ಹರಿದು ಹೋಗುವ ಕೋಡಿ. ಇನ್ನೊಂದು ತುದಿಗೆ, ಗದ್ದೆಗೆ ನೀರು ಬಿಡುವ ತೂಬು. ದೋಣಿ ಎತ್ತ ಮುಖ ಮಾಡಿದರೂ ಇವೆರಡು ಇದ್ದಲ್ಲೇ ಇರುತ್ತವೆ. ಸಮುದ್ರ ಕಂಡ ಜನಕ್ಕೆ ಇದು ನಗೆಪಾಟಲು. ನಗಲಿ ಬಿಡಿ. ಆ ದೋಣಿಯಲ್ಲಿ ನನ್ನ ಜೊತೆ ಕೂತಿದ್ದ ಮೂವರೂ ಈಗ ಇಲ್ಲ. ಕೋಡಿ ಕಡೆ ಅಂದರೆ ಸರಕ್ಕನೆ ತಿರುಗುವವನು ಈ ಭೂಮಿಯ ಮೇಲೆ ನಾನೊಬ್ಬನೇ ಉಳಿದಿದ್ದೇನೆ.

ಅರವತ್ತರ ದಶಕದಲ್ಲಿ ನಾನು ವಿಜಯಪುರದಿಂದ ಹೊಸಕೋಟೆಯ ಅಂಚೆ ಕಚೇರಿಗೆ ಗುಮಾಸ್ತನಾಗಿ ಬಂದೆ. ಮದುವೆಯಾಗಿರಲಿಲ್ಲ, ಭಾನುವಾರ ಮಾಡಲು ಕೆಲಸವಿರಲಿಲ್ಲ, ಮೂಗಿನ ತುದಿಯಲ್ಲಿ ಕೋಪ ಮಾತ್ರ ಬೇಕಾದಷ್ಟಿತ್ತು. ಒಂದು ಸಂಜೆ ಏರಿಯ ಮೇಲೆ ಹೋಗುವಾಗ ನೀರಿನಲ್ಲಿ ಒಂದು ಬಿಳಿ ಹಾಯಿ ಕಂಡಿತು. ಆ ಹಾಯಿಯಲ್ಲಿ ಒಂದು ಜೇಬಿತ್ತು. ಹೌದು, ಅಂಗಿಯ ಜೇಬು. ನಿಂತು ನೋಡಿದೆ. ಅದರೊಳಗಿಂದ ಒಬ್ಬ ದಪ್ಪ ಮನುಷ್ಯ ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡ. ಈ ಜನರ ಜೊತೆ ಸೇರಬೇಕು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ.

ಆ ದಪ್ಪ ಮನುಷ್ಯ ಪೇಟೆ ಬೀದಿಯ ಟೈಲರು. ಹಾಯಿ ಹೊಲಿದವನು ಅವನೇ. ಜೇಬು ಯಾಕೆ ಅಂತ ಕೇಳಿದರೆ, "ಜೇಬಿಲ್ದಿರೋ ಬಟ್ಟೆ ನನ್ನ ಮಿಷನ್ನಿಂದ ಈವರೆಗೂ ಆಚೆ ಬಂದಿಲ್ಲ ಕಣಪ್ಪ" ಅನ್ನುತ್ತಿದ್ದ. ದೋಣಿಯಲ್ಲಿ ಅವನ ಕೆಲಸ ನಡುವೆ ಕೂತು ತೂಕವಾಗಿರುವುದು. ಹಾಯಿ ಒಂದು ಕಡೆಗೆ ವಾಲಿದರೆ ಅವನು ಇನ್ನೊಂದು ಕಡೆಗೆ ಜರುಗಬೇಕು. ಜರುಗುವಾಗಲೆಲ್ಲ ನಮಗೆ ದೇವರ ನೆನಪಾಗುತ್ತಿತ್ತು.

ಸಂಘ ಕಟ್ಟಿದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಎಲ್ಲಿಂದಲೋ ಹಾಯಿದೋಣಿ ಕಟ್ಟುವ ಒಂದು ಹಳೆಯ ಪುಸ್ತಕ ತಂದು, ಅದರ ಚಿತ್ರಗಳನ್ನು ಎತ್ತಿನ ಗಾಡಿ ಮಾಡುವ ಆಚಾರಿಗೆ ತೋರಿಸಿದ್ದರು. ಆಚಾರಿ ಗಾಡಿಯ ಅಳತೆಯಲ್ಲೇ ದೋಣಿ ಕಟ್ಟಿದ. ಚಕ್ರ ಇಲ್ಲ ಅನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ಗಾಡಿಯೇ. ನೀರಿಗೆ ಇಳಿಸಲು ಎಂಟು ಜನ ಬೇಕಾಗುತ್ತಿತ್ತು. ಊರಿನವರು ನಮ್ಮ ಹಾಯಿದೋಣಿ ಸಂಘವನ್ನು ಮುಳುಗು ಸಂಘ ಅಂತ ಕರೆದರು, ಆ ಹೆಸರೇ ನಿಂತಿತು. ನನ್ನ ಹೆಸರೂ ಹಾಗೆಯೇ ಹೋಯಿತು. ಅಂಚೆ ಕಚೇರಿಯವನು ಅಂತ ಎಲ್ಲರಿಗೂ ನಾನು ಪೋಸ್ಟು.

ಮೂರನೆಯವರು ಸಿಸ್ಟರ್, ಸರ್ಕಾರಿ ಆಸ್ಪತ್ರೆಯ ನರ್ಸು. ಊರಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದು. ಹಾಗಾಗಿ ಹೆಂಗಸು ದೋಣಿ ಹತ್ತಬಹುದೇ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮಲ್ಲಿ ಸರಿಯಾಗಿ ಈಜು ಬರುತ್ತಿದ್ದದ್ದು ಅವರೊಬ್ಬರಿಗೇ. ಸೆರಗು ಬಿಗಿದು ಮುಂದಿನ ತುದಿಯಲ್ಲಿ ಕೂರುತ್ತಿದ್ದರು. ಉಳಿದ ನಮಗೆಲ್ಲ ಒಂದೊಂದು ಲಾರಿ ಟ್ಯೂಬು.

ಕೋಡಿ, ತೂಬಿನ ಕಥೆ ನಾನು ಸೇರುವ ಮುಂಚಿನದು. ಮೊದಲ ಪಾಠದ ದಿನ ಮೇಷ್ಟ್ರು ಏರಿಯ ಮೇಲೆ ನೀರಿಗೆ ಮುಖ ಮಾಡಿ ನಿಂತು, "ಇದು ಬಲ, ಅಂದ್ರೆ ರೈಟು, ಕೋಡಿ ಕಡೆ. ಇದು ಎಡ, ಲೆಫ್ಟು, ತೂಬಿನ ಕಡೆ" ಅಂತ ಹೇಳಿದರಂತೆ. ಟೈಲರಣ್ಣ ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದ. ಹೋಗುವಾಗ ಎಲ್ಲ ಸರಿಯಾಯಿತು. ವಾಪಸು ಬರುವಾಗ ಮೇಷ್ಟ್ರು ಬಲಕ್ಕೆ ಅಂದರೆ ಅವನು ಹಾಯಿಯ ಹಗ್ಗವನ್ನು ಕೋಡಿ ಕಡೆಗೇ ಎಳೆದ. ದೋಣಿ ಜೊಂಡಿನೊಳಗೆ ಹೊಕ್ಕಿತು. ತಪ್ಪು ತನ್ನದು ಅಂತ ಅವನು ಕೊನೆಯವರೆಗೂ ಒಪ್ಪಲಿಲ್ಲ. "ನೀವೇ ಅಲ್ವಾ ಸಾ ಹೇಳಿದ್ದು, ರೈಟಂದ್ರೆ ಕೋಡಿ ಅಂತ? ದೋಣಿ ತಿರುಗ್ತು ಅಂತ ಕೋಡಿ ಎದ್ದು ಆ ಕಡೆ ಹೋಗುತ್ತಾ?" ಮೇಷ್ಟ್ರು ಯೋಚನೆ ಮಾಡಿ, ಅವನ ಮಾತೇ ಸರಿ ಅಂದುಬಿಟ್ಟರು. ಅಂದಿನಿಂದ ಬಲ ಎಡಕ್ಕೆ ನಮ್ಮ ದೋಣಿಯಲ್ಲಿ ಜಾಗವಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನನಗೆ ಬೇಕಿದ್ದದ್ದು ಚುಕ್ಕಾಣಿ. ದೋಣಿಯ ಹಿಂದೆ ಕೂತು, ಆ ಮರದ ಹಿಡಿಯನ್ನು ಕೈಯಲ್ಲಿ ಹಿಡಿದು, ಇಡೀ ಕೆರೆಯನ್ನು ದಾಟಿಸಿ ತರಬೇಕು. ಮೇಷ್ಟ್ರು ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ನನ್ನದು ನಡುವೆ ಕೂತು ಹಾಯಿಯ ಹಗ್ಗ ಹಿಡಿಯುವ ಕೆಲಸ, ಮೇಷ್ಟ್ರಿಗೆ ಬೆನ್ನು ಮಾಡಿ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಕೇಳಿದಾಗಲೆಲ್ಲ "ಕೊಡೋಣಪ್ಪಾ, ಮುಂದಿನ ಭಾನುವಾರ ನೋಡೋಣ" ಅನ್ನುತ್ತಿದ್ದರು. ಎಷ್ಟು ಭಾನುವಾರ ಬಂದವು, ಹೋದವು.

ಅವರು ರಿಟೈರಾದ ಮೇಲಂತೂ ಚುಕ್ಕಾಣಿಗೆ ಇನ್ನೂ ಅಂಟಿಕೊಂಡರು. ಅದೇ ಹೊತ್ತಿಗೆ ನನಗೆ ಇನ್ನೊಂದು ಕಿರಿಕಿರಿ ಶುರುವಾಯಿತು. ಟೈಲರಣ್ಣ ಮತ್ತು ಸಿಸ್ಟರ್ ದಾರಿಯುದ್ದಕ್ಕೂ ಕೂಗತೊಡಗಿದರು. "ಕೋಡಿ, ಕೋಡಿ, ಇನ್ನೊಂಚೂರು ಕೋಡಿ. ಸಾಕು. ಈಗ ತೂಬು." ಬಸ್ಸನ್ನು ಹಿಂದಕ್ಕೆ ತೆಗೆಸುವ ಕಂಡಕ್ಟರು ಕೂಡ ಅಷ್ಟು ಕೂಗುವುದಿಲ್ಲ. ತಿಳಿ ನೀರು, ಎದುರಿಗೆ ಒಂದು ಕೊಕ್ಕರೆಯೂ ಇಲ್ಲ, ಆದರೂ ಇವರ ಗಲಾಟೆ. ಒಂದು ದಿನ ರೇಗಿ, "ಸ್ವಲ್ಪ ಸುಮ್ನಿರ್ತೀರಾ? ಮೇಷ್ಟ್ರಿಗೆ ಕೆರೆ ಹೊಸದಾ?" ಅಂದೆ. ಸಿಸ್ಟರ್ ತಿರುಗಿ ನೋಡಿ, "ನೀವು ಹಗ್ಗ ಹಿಡ್ಕೊಳ್ಳಿ ಪೋಸ್ಟು" ಅಂದರು. ಅಂಥ ದನಿಯಲ್ಲಿ ಅವರು ಹೇಳಿದರೆ ಗರ್ಭಿಣಿಯರೂ ಅಳುವುದನ್ನು ನಿಲ್ಲಿಸುತ್ತಿದ್ದರು, ನಾನು ಯಾವ ಲೆಕ್ಕ.

ಆ ಕಾಲದಲ್ಲಿ ಬೆಂಗಳೂರಿನಿಂದ ಹಾಯಿದೋಣಿ ಆಡುವ ಒಂದು ಗುಂಪಿನವರು ನಮ್ಮ ಕೆರೆ ತುಂಬಿದ್ದನ್ನು ಕೇಳಿ ಬಂದರು. ಬಿಳಿ ಚಡ್ಡಿ, ಬಿಳಿ ಟೋಪಿ, ಲಾರಿಯ ಮೇಲೆ ಬಣ್ಣ ಬಳಿದ ಎರಡು ದೋಣಿ. ನಮ್ಮ ದೋಣಿ ನೋಡಿ ನಗು ತಡೆದುಕೊಂಡರು, ಜೇಬು ನೋಡಿದ ಮೇಲೆ ಅದೂ ಆಗಲಿಲ್ಲ. ಸ್ನೇಹಕ್ಕೆ ಒಂದು ಪಂದ್ಯ ಆಡೋಣ ಅಂದರು. ಏರಿಯಿಂದ ಹೊರಟು, ಆಚೆ ದಡದ ಹುಣಿಸೆಮರದ ಹತ್ತಿರ ತಿರುಗಿ ವಾಪಸು. ಒಂದು ದೋಣಿ ಪಂದ್ಯಕ್ಕೆ, ಇನ್ನೊಂದರಲ್ಲಿ ತೀರ್ಪುಗಾರ. ನಾನು ಮೇಷ್ಟ್ರ ಹತ್ತಿರ ಹೋಗಿ, "ಇವತ್ತಾದ್ರೂ ಕೊಡಿ ಸಾ. ನಾನು ಗೆಲ್ಲಿಸ್ತೀನಿ" ಅಂದೆ. "ಇವತ್ತು ಬೇಡಪ್ಪ" ಅಂದರು. ನಾನು ದಡದಡ ಹೋಗಿ ಹಗ್ಗ ಹಿಡಿದು, ಅವರಿಗೆ ಬೆನ್ನು ಮಾಡಿ ಕೂತೆ.

ಹೋಗುವಾಗ, ನಂಬಿದರೆ ನಂಬಿ, ನಾವೇ ಮುಂದಿದ್ದೆವು. ಗಾಳಿ ಜೋರಾಗಿತ್ತು, ಭಾರದ ದೋಣಿಗೆ ಅಂಥ ಗಾಳಿಯೇ ಬೇಕು. ಹುಣಿಸೆಮರದ ಹತ್ತಿರ ತಿರುಗಿ ಏರಿಯ ಕಡೆಗೆ ಅರ್ಧ ದಾರಿ ಬಂದಿದ್ದೆವು. ಬೆಂಗಳೂರಿನವರ ದೋಣಿ ನಮ್ಮ ಕೋಡಿ ಕಡೆಗೆ ಹತ್ತಿರ ಬಂತು. ಸಿಸ್ಟರ್ "ತೂಬು, ತೂಬು" ಅಂತ ಕೂಗಿದರು. ಅದೇ ಹೊತ್ತಿಗೆ ತೀರ್ಪುಗಾರ ತನ್ನ ದೋಣಿಯಲ್ಲಿ ಎದ್ದು ನಿಂತು, ಕೈಯಲ್ಲಿದ್ದ ತಗಡಿನ ತುತ್ತೂರಿಯಿಂದ "ರೈಟ್, ರೈಟ್" ಅಂತ ಅರಚಿದ. ಏರಿಗೆ ಮುಖ ಮಾಡಿ ಬರುವವರಿಗೆ ಬಲಗಡೆ ಇರುವುದು ತೂಬು, ಹಾಗಾಗಿ ಅವನು ಹೇಳಿದ್ದೂ ತೂಬಿನ ಕಡೆಗೇ. ಆದರೆ ಮೇಷ್ಟ್ರ ಕಿವಿಗೆ ತುತ್ತೂರಿಯ ಮಾತೇ ಬಿತ್ತು. ರೈಟಂದರೆ ಕೋಡಿ. ಅವರೇ ಏರಿಯ ಮೇಲೆ ನಿಂತು ಹೇಳಿಕೊಟ್ಟ ಪಾಠ. ಕೋಡಿ ಕಡೆಗೇ ತಿರುಗಿಸಿದರು. ನಮ್ಮ ಗಾಡಿ ಹೋಗಿ ಆ ಬಣ್ಣದ ದೋಣಿಯ ಪಕ್ಕೆಗೆ ಗುದ್ದಿತು. ಬಿಳಿ ಚಡ್ಡಿಯವರಿಬ್ಬರೂ ನೀರಿಗೆ ಬಿದ್ದು, ತೀರ್ಪುಗಾರನ ದೋಣಿಯ ಕಡೆಗೆ ಈಜತೊಡಗಿದರು.

ನಾನು ಹಗ್ಗ ಬಿಸಾಡಿ ಹಿಂದಕ್ಕೆ ತಿರುಗಿದೆ. ವರ್ಷಗಟ್ಟಲೆ ಕೂಡಿಟ್ಟ ಕೋಪವೆಲ್ಲ ಒಟ್ಟಿಗೆ ಬಂತು. "ಅಷ್ಟು ದೊಡ್ಡ ದೋಣಿ ಎದುರಿಗಿದೆ. ಕಣ್ಣು ಕಾಣಲ್ವಾ ನಿಮಗೆ?" ಅಂದೆ.

ಮೇಷ್ಟ್ರು ನನ್ನ ಕಡೆ ನೋಡಿದರು. ನನ್ನ ಕಡೆ ಅಂದರೆ ನನ್ನ ಭುಜದ ಪಕ್ಕಕ್ಕೆ, ನಾನು ಇಲ್ಲದ ಕಡೆಗೆ. ಟೈಲರಣ್ಣ ಮೆಲ್ಲಗೆ, "ಇಲ್ಲ ಕಣಪ್ಪ, ಕಾಣಲ್ಲ. ಎರಡು ವರ್ಷ ಆಯ್ತು. ಮತ್ತೆ ನಾವ್ಯಾಕೆ ಕೂಗ್ತೀವಿ ಅಂದ್ಕೊಂಡಿದ್ದೆ?" ಅಂದ.

ನನಗೆ ಕೆರೆಗೆ ಹಾರಿಬಿಡಬೇಕು ಅನ್ನಿಸಿತು. ಈಜು ಬರುತ್ತಿರಲಿಲ್ಲ, ಅದೇ ತೊಂದರೆ.

ಎರಡು ವರ್ಷ ನನ್ನ ಕಣ್ಣೆದುರಿಗೇ ಎಲ್ಲ ಇತ್ತು. ಅಂಚೆ ಕಚೇರಿಗೆ ರಿಜಿಸ್ಟರ್ ಪತ್ರ ತೆಗೆದುಕೊಳ್ಳಲು ಬಂದಾಗ ಮೇಷ್ಟ್ರು ಗೆರೆ ಬಿಟ್ಟು ಎಲ್ಲೋ ಸಹಿ ಹಾಕಿದ್ದರು, ನಾನು "ಏನ್ಸಾ, ಲೆಕ್ಕದ ಮೇಷ್ಟ್ರಾಗಿ ಹೀಗಾ?" ಅಂತ ಹಂಗಿಸಿದ್ದೆ. ಏರಿಯ ಮೇಲೆ ಟೈಲರಣ್ಣನ ಭುಜದ ಮೇಲೆ ಕೈ ಹಾಕಿಕೊಂಡು ನಡೆಯುತ್ತಿದ್ದರು, ನಾನು ಸ್ನೇಹ ಅಂದುಕೊಂಡಿದ್ದೆ. ಟೈಲರಣ್ಣನಿಗೆ ವಿಷಯ ತಿಳಿದದ್ದು ಅಂಗಿಯಿಂದ. ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ, ಒತ್ತುಗುಂಡಿ ಹೊಲಿದುಕೊಡು ಅಂತ ಮೇಷ್ಟ್ರು ಕೇಳಿದ್ದರಂತೆ. ಸಿಸ್ಟರೇ ಅವರನ್ನು ಬೆಂಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ ಅಂದಿದ್ದರು ಡಾಕ್ಟರು.

"ನನಗ್ಯಾಕೆ ಹೇಳ್ಲಿಲ್ಲ?" ಅಂತ ಅಂದು ಸಂಜೆ ಏರಿಯ ಮೇಲೆ ಕೂತು ಕಡ್ಲೆಪುರಿ ತಿನ್ನುವಾಗ ಕೇಳಿದೆ. ಉತ್ತರ ಕೊಟ್ಟವರು ಮೇಷ್ಟ್ರೇ. "ನೀನು ಮೊದ್ಲಿಂದ್ಲೂ ಚುಕ್ಕಾಣಿ ಕೇಳ್ತಿದ್ದೆ. ಕಣ್ಣು ಹೋಯ್ತು ಅಂತ ಹೇಳಿದ್ರೆ ನ್ಯಾಯವಾಗಿ ಕೊಡ್ಬೇಕಾಗಿತ್ತು. ಮನೇಲಿ ಈಗ ನೀರಿನ ಲೋಟಾನೂ ಯಾರೋ ಕೈಗೆ ಕೊಡ್ತಾರಪ್ಪ. ನಾನಾಗೇ ಮಾಡೋದು ಅಂತ ಉಳಿದಿರೋದು ಇದೊಂದೇ."

ನಾನು ಕಡ್ಲೆಪುರಿಯ ಪೊಟ್ಟಣವನ್ನು ಅವರ ಕೈಗೆ ಕೊಡಲು ಹೋದವನು, ಅವರಾಗೇ ತೆಗೆದುಕೊಳ್ಳಲಿ ಅಂತ ಪಕ್ಕದಲ್ಲಿಟ್ಟೆ.

ಮುಂದಿನ ಭಾನುವಾರ ನಾನು ದೋಣಿ ಹತ್ತುವ ಹೊತ್ತಿಗೆ ಮೇಷ್ಟ್ರು ನಡುವೆ, ನನ್ನ ಜಾಗದಲ್ಲಿ ಕೂತಿದ್ದರು. "ಹಿಂದೆ ಹೋಗಿ ಕೂತ್ಕೋ. ನಿಂದೇ ಇನ್ನು" ಅಂದರು. ಬೇಡ ಸಾ ಅಂದೆ, ಕೈ ಮುಗಿದೆ. ಕೇಳಲಿಲ್ಲ. ಕೊನೆಗೆ ಹೋಗಿ ಕೂತೆ. ಹೇಳಿಬಿಡುತ್ತೇನೆ, ಅಷ್ಟೆಲ್ಲ ಆದ ಮೇಲೂ ಆ ಮರದ ಹಿಡಿ ಕೈಗೆ ಬಂದಾಗ ನನಗೆ ಖುಷಿಯಾಯಿತು. ಟೈಲರಣ್ಣ, ಸಿಸ್ಟರ್ ಇಬ್ಬರೂ ಸುಮ್ಮನಿದ್ದರು. ಕಣ್ಣಿರುವವನಿಗೆ ಕೂಗಿ ಹೇಳುವುದೇನಿದೆ? ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಣಿಸೆಮರವನ್ನೇ ನೋಡುತ್ತಾ ಹೋದೆ. ಹತ್ತು ನಿಮಿಷವೂ ಆಗಿರಲಿಲ್ಲ. ಮೇಷ್ಟ್ರು "ಗಾಳಿ ತಿರುಗ್ತಿದೆ ಕಣೋ" ಅಂದರು. ಎಲ್ಲಿ ಅಂತ ನಾನು ಸುತ್ತಮುತ್ತ ನೋಡಿದೆ. ಅಷ್ಟರಲ್ಲಿ ಹಾಯಿ ಧಡಾರನೆ ಆ ಕಡೆಯಿಂದ ಈ ಕಡೆಗೆ ಬಡಿಯಿತು, ಟೈಲರಣ್ಣ ಜರುಗಿದ, ಕಥೆ ಮುಗಿಯಿತು. ನಾಲ್ವರೂ ನೀರಿನಲ್ಲಿ.

ಟ್ಯೂಬು ತಬ್ಬಿಕೊಂಡು ಕೆಮ್ಮುತ್ತಿದ್ದೆ. ನೀರಿನ ಮೇಲೆ ಟೈಲರಣ್ಣನ ವೀಳ್ಯದೆಲೆ ತೇಲುತ್ತಿತ್ತು. ಮೇಷ್ಟ್ರು ಒಂದು ಕೈಯಲ್ಲಿ ಸಿಸ್ಟರ್ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮ ಟ್ಯೂಬು ಹಿಡಿದು, ನನ್ನ ಕೆಮ್ಮು ಬಂದ ಕಡೆಗೆ ಮುಖ ತಿರುಗಿಸಿದರು. "ಏನಪ್ಪಾ ಪೋಸ್ಟು, ಕಣ್ಣು ಕಾಣಲ್ವಾ ನಿಂಗೆ?" ಅಂದರು.

ಟೈಲರಣ್ಣ ನಗಲು ಬಾಯಿ ತೆರೆದು ಅರ್ಧ ಕೆರೆ ಕುಡಿದ. ನಾನೂ ನಕ್ಕೆ. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಆ ನೀರಿನಲ್ಲೇ ಜಾರಿ ಹೋಯಿತು.

ಮೀನು ಹಿಡಿಯುವವರು ಬಂದು ದೋಣಿಯನ್ನು ನೆಟ್ಟಗೆ ಮಾಡಿಕೊಟ್ಟ ಮೇಲೆ, ಅಂದು ವಾಪಸು ತಂದವರು ಮೇಷ್ಟ್ರೇ. ಗಾಳಿಯನ್ನು ಅವರು ಕಿವಿಯಲ್ಲಿ ಕೇಳುತ್ತಿದ್ದರು, ಕೆನ್ನೆಯಲ್ಲಿ ಮುಟ್ಟುತ್ತಿದ್ದರು. ಎದುರಿಗೆ ಏನಿದೆ ಅನ್ನುವುದಷ್ಟನ್ನೇ ಯಾರಾದರೂ ಹೇಳಬೇಕಿತ್ತು. ಆಮೇಲೆ ನಾನೂ ಕೂಗಲು ಶುರು ಮಾಡಿದೆ. ಅದೂ ಹೇಗೆ, ಉಳಿದಿಬ್ಬರಿಗೂ ಬಾಯಿ ಹಾಕಲು ಬಿಡದ ಹಾಗೆ. "ಸ್ವಲ್ಪ ಸುಮ್ನಿರ್ತೀರಾ ಪೋಸ್ಟು? ಮೇಷ್ಟ್ರಿಗೆ ಕೆರೆ ಹೊಸದಾ?" ಅಂತ ಸಿಸ್ಟರ್ ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟರು. ಕೆರೆ ತುಂಬಿದ ವರ್ಷಗಳಲ್ಲೆಲ್ಲ ಹೀಗೇ ನಡೆಯಿತು. ಕೆರೆ ಬತ್ತಿದ ವರ್ಷ ದೋಣಿಯನ್ನು ಏರಿಯ ಮೇಲೆ ಕವುಚಿ ಹಾಕಿ, ಅದರ ಬೆನ್ನಿನ ಮೇಲೆ ಕೂತು ಹರಟೆ ಹೊಡೆಯುತ್ತಿದ್ದೆವು. ಅಲ್ಲೂ ಮೇಷ್ಟ್ರು ಹಿಂದಿನ ತುದಿಯಲ್ಲೇ ಕೂರುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಟೈಲರಣ್ಣ, ಸಿಸ್ಟರ್ ಹೋದದ್ದು ಎಷ್ಟೋ ವರ್ಷ ಆದ ಮೇಲೆ, ಇಬ್ಬರೂ ವಯಸ್ಸಾಗಿ, ತಮ್ಮ ತಮ್ಮ ಮನೆಯಲ್ಲಿ. ಆದರೆ ಸಂಘ ಅಂದರೆ ನನಗೆ ಈಗಲೂ ನೆನಪಿಗೆ ಬರುವುದು ಮೇಷ್ಟ್ರು ಹೋದ ಮೇಲಿನ ಮೊದಲ ಭಾನುವಾರ. ಯಾರೂ ಕರೆಯದೆ ಮೂವರೂ ಏರಿಯ ಹತ್ತಿರ ಬಂದಿದ್ದೆವು. ಏರಿಯ ಮೇಲೆ ಹೋಗುತ್ತಿದ್ದವರನ್ನು ಕರೆದು ದೋಣಿ ಇಳಿಸಿದೆವು. ಸಿಸ್ಟರ್ ಮುಂದೆ, ಟೈಲರಣ್ಣ ನಡುವೆ. ನಾನು ನನ್ನ ಹಗ್ಗದ ಜಾಗದಲ್ಲೇ ನಿಂತಿದ್ದೆ. ಟೈಲರಣ್ಣ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೋಗು ಪೋಸ್ಟು, ಹಿಂದೆ ಕೂತ್ಕೋ" ಅಂದ.

ಕೂತೆ. ಆ ಹಿಡಿ ಮೇಷ್ಟ್ರ ಕೈ ಉಜ್ಜಿ ಉಜ್ಜಿ ಒಂದು ಕಡೆ ಸವೆದು ನುಣ್ಣಗಾಗಿತ್ತು. ಎಷ್ಟು ವರ್ಷ ಬಯಸಿದ್ದು, ಈಗ ಯಾರೂ ಕಿತ್ತುಕೊಳ್ಳುವವರಿಲ್ಲ. ನನಗೆ ಅದು ಬೇಡವೇ ಬೇಡವಾಗಿತ್ತು. ಗಾಳಿ ಹಾಯಿಯನ್ನು ತುಂಬಿತು, ದೋಣಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಮುಂದಿನಿಂದ ಸಿಸ್ಟರ್ ದನಿ ಬಂತು. "ಕೋಡಿ. ಇನ್ನೊಂಚೂರು ಕೋಡಿ." ಟೈಲರಣ್ಣನೂ ಸೇರಿಸಿದ. "ಸಾಕು, ಸಾಕು. ಈಗ ತೂಬು."

ರೂಢಿಯ ಮೇಲೆ ಕೂಗಿದರೋ, ಬೇಕೆಂದೇ ಕೂಗಿದರೋ ನಾನು ಕೇಳಲಿಲ್ಲ. ನನಗೆ ಕಣ್ಣು ಕಾಣುತ್ತದೆ ಅಂತಲೂ ಹೇಳಲಿಲ್ಲ. ಆ ಹೊತ್ತಿಗೆ ಅಷ್ಟೇನೂ ಕಾಣುತ್ತಿರಲಿಲ್ಲ. ಅವರು ಹೇಳಿದ ಕಡೆಗೆ ತಿರುಗಿಸುತ್ತಾ ಹೋದೆ.