ನಾನು ಗಂಡಸಾಗಿ ಕುಣಿದ ವರ್ಷ

ನಮ್ಮ ಕಾಲೇಜಿನ ಬಾಲ್‌ರೂಮ್ ಡ್ಯಾನ್ಸ್ ತಂಡಕ್ಕೆ ನನ್ನನ್ನು ಆರಿಸಿದ್ದು ಕುಣಿಯಲು ಬರುತ್ತದೆ ಎಂದಲ್ಲ, ಎತ್ತರ ಇದ್ದೇನೆ ಎಂದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸಿನಲ್ಲಿ ಜೋತುಬಿದ್ದುಕೊಂಡು ಶಿವಮೊಗ್ಗಕ್ಕೆ ಬಂದು ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಇಷ್ಟುದ್ದ ಬೆಳೆದವಳಿಗೆ ಎಲ್ಲಿಂದ ಗಂಡು ತರುವುದು ಎಂದು ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದಲೇ ಗೊಣಗುತ್ತಿದ್ದಳು. ಅಂಥ ಎತ್ತರ ಮೊದಲ ಸಲ ಒಂದು ಉಪಯೋಗಕ್ಕೆ ಬಂತು.

ಈ ಡ್ಯಾನ್ಸನ್ನು ನಮಗೆ ತಂದವರು ಇಂಗ್ಲಿಷ್ ಮೇಡಂ. ಆ ವರ್ಷವಷ್ಟೇ ತಾತ್ಕಾಲಿಕವಾಗಿ ಸೇರಿದ್ದ, ನಮಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ಹೆಂಗಸು. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಬೆಳೆದವರು. ಅಲ್ಲಿ ಶನಿವಾರ ಸಂಜೆ ಕ್ಲಬ್ಬಿನಲ್ಲಿ ಗಂಡ ಹೆಂಡತಿ ಕೈ ಕೈ ಹಿಡಿದು ಕುಣಿಯುತ್ತಿದ್ದರಂತೆ, ಮಕ್ಕಳು ಕಿಟಕಿಯಿಂದ ನೋಡಿ ಕಲಿಯುತ್ತಿದ್ದರಂತೆ. ಇದನ್ನು ಕೇಳಿದಾಗ ನನ್ನ ಅಪ್ಪ ಅಮ್ಮ ಕೈ ಹಿಡಿದು ಕುಣಿಯುವುದನ್ನು ಊಹಿಸಿಕೊಂಡು ನನಗೆ ಕ್ಲಾಸಿನಲ್ಲೇ ನಗು ಉಕ್ಕಿಬಂದಿತ್ತು. ಅಂತರ ಕಾಲೇಜು ಸ್ಪರ್ಧೆಯಲ್ಲಿ ಪಾಶ್ಚಾತ್ಯ ನೃತ್ಯಕ್ಕೊಂದು ವಿಭಾಗವಿತ್ತು, ನಮ್ಮ ಕಾಲೇಜಿನಿಂದ ಯಾರೂ ಹೋಗುತ್ತಿರಲಿಲ್ಲ. ಮೇಡಂ ಹೋಗಿ ಪ್ರಿನ್ಸಿಪಾಲರನ್ನು ಕೇಳಿದರು.

"ಹುಡುಗ್ರು ಹುಡುಗೀರು ಕೈ ಹಿಡ್ಕೊಂಡು ಕುಣಿಯೋದು ಇಲ್ಲಿ ನಡೆಯಲ್ಲ ಮೇಡಂ. ನಾಳೆ ಪೇರೆಂಟ್ಸ್ ಬಂದು ನನ್ನ ಕುತ್ತಿಗೆ ಮೇಲೆ ಕೂರ್ತಾರೆ. ಹುಡುಗೀರು ಹುಡುಗೀರೇ ಮಾಡ್ಕೊಳ್ಳೋ ಹಾಗಿದ್ರೆ ಮಾಡಿ" ಎಂದರು ಅವರು.

ಹಾಗಾಗಿ ಎಂಟು ಹುಡುಗಿಯರ ತಂಡವಾಯಿತು. ಸ್ಪೋರ್ಟ್ಸ್ ರೂಮಿನ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಎತ್ತರ ಅಳೆದರು. ಉದ್ದ ಇದ್ದ ನಾಲ್ವರು ಗಂಡಸರು, ಉಳಿದ ನಾಲ್ವರು ಹೆಂಗಸರು. ನನ್ನ ಗೆರೆ ಎಲ್ಲರಿಗಿಂತ ಮೇಲಿತ್ತು. ಮೂರು ವರ್ಷದಿಂದ ಬೆನ್ನು ಬಗ್ಗಿಸಿಕೊಂಡೇ ಕಾಲೇಜು ಸುತ್ತುತ್ತಿದ್ದವಳಿಗೆ, ಇನ್ನು ನೆಟ್ಟಗೆ ನಿಲ್ಲದಿದ್ದರೆ ಮೇಡಂ ಸ್ಕೇಲಿನಿಂದ ಬೆನ್ನಿಗೆ ತಟ್ಟುವ ಹಾಗಾಯಿತು.

ನನ್ನ ಜೋಡಿಯಾಗಿ ಬಂದವಳು ನನ್ನ ಗೆಳತಿಯೇ. ಗಾಂಧಿ ಬಜಾರಿನಲ್ಲಿ ಅವರದು ಬಟ್ಟೆಯ ಹೋಲ್‌ಸೇಲ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಮನೆತುಂಬ ಜನ. ಅಷ್ಟು ಜನರಲ್ಲಿ ಮಾತು ನಡೆಯುತ್ತಿದ್ದುದು ಅವಳ ದೊಡ್ಡಪ್ಪನದು ಮಾತ್ರ. ಅವಳ ಅಕ್ಕಂದಿರೆಲ್ಲ ಪಿಯುಸಿಗೇ ಮದುವೆಯಾಗಿ ಹೋಗಿದ್ದರು. ಇವಳು ಹಟ ಹಿಡಿದು, ಎರಡು ದಿನ ಊಟ ಬಿಟ್ಟು ಡಿಗ್ರಿಗೆ ಸೇರಿದ್ದಳು. ಎಂ.ಎ. ಮಾಡಿ ಲೆಕ್ಚರರ್ ಆಗಬೇಕು ಎಂಬುದು ಅವಳ ಆಸೆ. ದೊಡ್ಡಪ್ಪ ಅದಕ್ಕೂ ಒಪ್ಪಿದ್ದರು, ಒಂದೇ ಒಂದು ಷರತ್ತಿನ ಮೇಲೆ. "ಬಜಾರಲ್ಲಿ ಯಾರ ಬಾಯಲ್ಲೂ ನಿನ್ನ ಹೆಸರು ಬರಬಾರದು." ಅವಳು ಮೂರು ವರ್ಷ ಆ ಷರತ್ತನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದಿದ್ದಳು. ಕ್ಯಾಂಟೀನಿಗೂ ಬರುತ್ತಿರಲಿಲ್ಲ. ಡ್ಯಾನ್ಸಿಗೂ ಮನೆಯಲ್ಲಿ ಕೇಳಿ, ಬರೀ ಹುಡುಗಿಯರು ಎಂದು ಎರಡೆರಡು ಸಲ ಹೇಳಿ, ಒಪ್ಪಿಗೆ ಪಡೆದುಕೊಂಡೇ ಬಂದಳು.

ಅಭ್ಯಾಸ ಸ್ಪೋರ್ಟ್ಸ್ ರೂಮಿನಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಕೇರಂ ಬೋರ್ಡುಗಳನ್ನು ಗೋಡೆಗೆ ಒರಗಿಸಿ, ನೆಲ ಜಾರಲೆಂದು ಕೇರಂ ಪೌಡರನ್ನೇ ಉದುರಿಸಿಕೊಳ್ಳುತ್ತಿದ್ದೆವು. ಟೇಪ್ ರೆಕಾರ್ಡರಿನಲ್ಲಿ ಪಿಟೀಲಿನ ಸಂಗೀತ, ಅದರ ಮೇಲೆ ಮೇಡಂ ದನಿ: ಒಂದ್, ಎರಡ್, ಮೂರ್. ವಾಲ್ಟ್ಸ್ ಎಂಬ ಈ ಕುಣಿತ ನೋಡುವುದಕ್ಕೆ ಸಲೀಸು. ಗಂಡಸಾದವನು ಮುಂದಕ್ಕೆ ಹೆಜ್ಜೆ ಇಟ್ಟರೆ ಹೆಂಗಸು ಹಿಂದಕ್ಕೆ ಇಡಬೇಕು. ಅವಳಿಗೆ ಹಿಂದೆ ಏನಿದೆ ಎಂದು ಕಾಣುವುದಿಲ್ಲ, ನಂಬಿಕೊಂಡು ಹೋಗಬೇಕು ಅಷ್ಟೆ. ನನ್ನನ್ನು ನಂಬಿದ್ದಕ್ಕೆ ನನ್ನ ಗೆಳತಿ ಮೊದಲ ವಾರ ಎರಡು ಸಲ ಗೋಡೆಗೆ, ಒಂದು ಸಲ ಶಾಟ್‌ಪುಟ್ ಗುಂಡುಗಳ ಡಬ್ಬಿಗೆ ತಗುಲಿಸಿಕೊಂಡಳು.

"ಮಾರಾಯ್ತಿ, ನೀನು ಗಂಡಸಾಗಿದ್ದು ಸಾಕು, ಸ್ವಲ್ಪ ಮನುಷ್ಯಳಾಗು" ಎಂದು ಪಾದ ಉಜ್ಜಿಕೊಳ್ಳುತ್ತಿದ್ದಳು.

ಮೂರನೆಯ ವಾರಕ್ಕೆ ಅದೇನೋ ಕೂಡಿಬಂತು. ತಳ್ಳದೆ, ಎಳೆಯದೆ, ಅಂಗೈಯಲ್ಲಿ ಸ್ವಲ್ಪ ಒತ್ತಿದರೆ ಸಾಕು, ಅವಳು ತಿರುಗುತ್ತಿದ್ದಳು. ಬೆನ್ನ ಹಿಂದೆ ಏನಿದೆ ಎಂದು ತಿರುಗಿ ನೋಡುವುದನ್ನೇ ಬಿಟ್ಟಳು. ಅಷ್ಟು ಜನರ ಮನೆಯಲ್ಲಿ ಮೆಟ್ಟಿಲು ಇಳಿಯುವುದಕ್ಕೂ ಕೇಳಿ ಇಳಿಯುತ್ತಿದ್ದ ಹುಡುಗಿ ಆ ಅರ್ಧ ಗಂಟೆ ಗಟ್ಟಿಯಾಗಿ ನಗುತ್ತಿದ್ದಳು. ನಾನು ಆಗ ತುಂಬ ಸಂತೋಷವಾಗಿದ್ದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಸ್ಪರ್ಧೆಯ ದಿನಕ್ಕೆ ಅಪ್ಪನ ಮದುವೆಯ ಕೋಟನ್ನು ಟ್ರಂಕಿನಿಂದ ತೆಗೆದೆ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅಪ್ಪ ನನ್ನ ಭುಜದ ಮೇಲೆ ಅದು ಕೂತದ್ದನ್ನು ನೋಡಿ, "ನನಗಿಂತ ನಿನಗೇ ಸರಿಯಾಗಿದೆ, ಇಟ್ಕೋ" ಎಂದರು. ಓಲ್ಡ್ ಟೌನಿನಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರ ಹತ್ತಿರ ಒಂದು ಕರಿ ಹ್ಯಾಟು ಸಿಕ್ಕಿತು, ಜಡೆಯನ್ನು ಸುತ್ತಿ ಪಿನ್ನು ಹಾಕಿ ಅದರೊಳಗೆ ಅಡಗಿಸಿದೆ. ಕಾಡಿಗೆಯಲ್ಲಿ ತೆಳ್ಳನೆಯ ಮೀಸೆ ಬರೆದವಳು ನನ್ನ ಗೆಳತಿ. ಕನ್ನಡಿ ನೋಡಿಕೊಂಡರೆ, ಸುಳ್ಳಲ್ಲ, ಒಬ್ಬ ಚೆಂದದ ಹುಡುಗ ನಿಂತಿದ್ದ.

ಚೆನ್ನಾಗಿಯೇ ಕುಣಿದೆವು. ಬಹುಮಾನ ಬರಲಿಲ್ಲ, ಚಪ್ಪಾಳೆ ಬಂತು. ವೇದಿಕೆಯಿಂದ ಇಳಿದು ಬೆವರು ಒರೆಸಿಕೊಳ್ಳುವಾಗ ಊರಿನ ಸಣ್ಣ ಪತ್ರಿಕೆಯೊಂದರ ಫೋಟೋಗ್ರಾಫರ್ ಬಂದು, "ಸೂಪರಾಗಿ ಮಾಡಿದ್ರಿ. ಯಾವ ಕ್ಲಾಸಪ್ಪ ನೀನು?" ಎಂದು ಕೇಳಿದ. ನನ್ನನ್ನೇ ಕೇಳಿದ್ದು. ಕ್ಲಾಸಪ್ಪ ಎಂದದ್ದು ಕೇಳಿ ನಮ್ಮ ಗುಂಪಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ನಾನು ಹ್ಯಾಟು ತೆಗೆದು ಜಡೆ ಬಿಡಬೇಕಿತ್ತು. ಬಿಡಲಿಲ್ಲ. ಗಂಟಲು ದಪ್ಪ ಮಾಡಿಕೊಂಡು, "ಫೈನಲ್ ಬಿ.ಎ. ಸರ್" ಎಂದೆ. ಇಡೀ ಗ್ರೀನ್ ರೂಮ್ ಬಿದ್ದು ಬಿದ್ದು ನಕ್ಕಿತು. ಅವನೂ ಏನೆಂದು ತಿಳಿಯದೆ ನಕ್ಕು ಹೋದ. ಈಗ ಇಷ್ಟು ವರ್ಷದ ಮೇಲೂ ಆ ಮೂರು ಶಬ್ದ ನೆನಪಾದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೂರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅವಳ ಮುಖ ಸ್ಪಷ್ಟವಾಗಿತ್ತು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ನನ್ನ ಕೈ ಅವಳ ಬೆನ್ನ ಮೇಲೆ. ನನ್ನ ಮುಖದಲ್ಲಿ ಕಾಣುತ್ತಿದ್ದುದು ಹ್ಯಾಟಿನ ನೆರಳು ಮತ್ತು ಮೀಸೆ. ಕೆಳಗೆ, ಕಾಲೇಜು ವೇದಿಕೆಯ ಮೇಲೆ ಯುವಕ ಯುವತಿಯರ ಅಪ್ಪುಗೆಯ ನೃತ್ಯ, ನಮ್ಮ ಸಂಸ್ಕೃತಿ ಎತ್ತ ಸಾಗುತ್ತಿದೆ ಎಂದು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಅವಳು ಅಂದು ಕಾಲೇಜಿಗೆ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ನಾನು ಬೂತಿನಿಂದ ಅವರ ಅಂಗಡಿಗೆ ಫೋನ್ ಮಾಡಿದೆ. ಎತ್ತಿದವರು ದೊಡ್ಡಪ್ಪ. "ಅವಳು ಇನ್ನು ಕಾಲೇಜಿಗೆ ಬರಲ್ಲಮ್ಮ" ಎಂದು ಹೇಳಿ ಮೆಲ್ಲಗೆ ಇಟ್ಟುಬಿಟ್ಟರು. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

ಮೇಡಂ ಪತ್ರಿಕೆಯ ಆಫೀಸಿಗೆ ಹೋಗಿ ಜಗಳ ಮಾಡಿ ಬಂದರು. ಒಂದು ವಾರದ ಮೇಲೆ, ಟೆಂಡರ್ ಪ್ರಕಟಣೆಗಳ ಕೆಳಗೆ ಎರಡು ಸಾಲಿನ ತಿದ್ದುಪಡಿ ಬಂತು. ಮೊದಲ ಫೋಟೋ ನೋಡದೆ ಇದ್ದವರು ಈಗ ಹಳೆಯ ಪತ್ರಿಕೆ ಹುಡುಕಿ ನೋಡಿದರು, ಅದರಿಂದಾದ ಉಪಕಾರ ಅಷ್ಟೇ. ಪ್ರಿನ್ಸಿಪಾಲರ ಬಳಿ ಹೋದರೆ, "ಹುಡುಗೀರು ಮಾತ್ರ ಅಂತ ನಾನು ಹೇಳಿದ್ದೆ. ಥೇಟ್ ಹುಡುಗ್ರ ಹಾಗೇ ಕಾಣ್ಸಿ ಅಂತ ಹೇಳಿದ್ನಾ?" ಎಂದು ನಮ್ಮನ್ನೇ ಕೇಳಿದರು. ಅವಳ ಮನೆಗೆ ಹೋಗಿ ಮಾತಾಡಿ ಎಂದು ಬೇಡಿಕೊಂಡೆ. ಅದು ಅವರ ಮನೆಯ ವಿಷಯ ಎಂದರು. ಮೇಡಂ ಹೊರಗೆ ವರಾಂಡದಲ್ಲಿ ನಿಂತು ಅತ್ತರು. ಅವರ ಕೆಲಸವೇ ಮುಂದಿನ ವರ್ಷಕ್ಕೆ ಉಳಿಯುವಂತಿರಲಿಲ್ಲ, ಅವರಿಂದ ಇನ್ನೇನು ಆಗಬೇಕಿತ್ತು?

ಕೊನೆಗೆ ನಾನೇ ಹೋದೆ. ಕೋಟು, ಹ್ಯಾಟು, ಕಾಡಿಗೆ ಡಬ್ಬಿ ಬ್ಯಾಗಿನಲ್ಲಿ ತುಂಬಿಕೊಂಡು, ಒಂದು ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಆ ಮನೆಯ ಮೆಟ್ಟಿಲು ಹತ್ತಿದೆ. ಕಣ್ಣಾರೆ ತೋರಿಸಿದರೆ ಮುಗಿಯಿತು ಎಂದು ನನ್ನ ಲೆಕ್ಕ. ನನಗೆ ಆಗ ಇಪ್ಪತ್ತು ವರ್ಷ, ಸತ್ಯ ತೋರಿಸಿದರೆ ಜನ ಒಪ್ಪುತ್ತಾರೆ, ಒಪ್ಪಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ.

ದೊಡ್ಡಪ್ಪ ಬೈಯುವವರು ಎಂದುಕೊಂಡಿದ್ದೆ. ಅವರು ಹಣೆಗೆ ವಿಭೂತಿ ಹಚ್ಚಿಕೊಂಡು ಆಗಷ್ಟೇ ಪೂಜೆ ಮುಗಿಸಿ ಕೂತಿದ್ದರು. "ಭದ್ರಾವತಿಯಿಂದ ಬಂದ್ಯಾ? ತಿಂಡಿ ಆಯ್ತಾ?" ಎಂದು ಕೇಳಿ, ಒಳಗಿನಿಂದ ಮಂಡಕ್ಕಿ ಕಾಫಿ ತರಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ನನಗೂ ಜಗಳ ಬರುತ್ತದೆ. ಮಂಡಕ್ಕಿ ಕೊಟ್ಟವರ ಹತ್ತಿರ ಹೇಗೆ ಜಗಳ ಮಾಡುವುದು?

"ದೊಡ್ಡಪ್ಪ, ಫೋಟೋದಲ್ಲಿರೋದು ಹುಡುಗ ಅಲ್ಲ, ನಾನು. ಬೇಕಾದ್ರೆ ಈಗ್ಲೇ ತೋರಿಸ್ತೀನಿ" ಎಂದೆ.

ಅವರು ಒಳಗೆ ಹೋಗಿ ಹಾಕಿಕೊಂಡು ಬಾ ಎಂದು ಕೈ ತೋರಿಸಿದರು. ಒಳಕೋಣೆಯಲ್ಲಿ ನನ್ನ ಗೆಳತಿ ಇದ್ದಳು. ಹತ್ತೇ ದಿನಕ್ಕೆ ಮುಖ ಸೊರಗಿತ್ತು. ಅವಳೇ ನನ್ನ ಜಡೆ ಸುತ್ತಿದಳು, ಗಲ್ಲ ಹಿಡಿದು ಮೀಸೆ ಬರೆದಳು.

ನಾನು ಹೊರಗೆ ಬಂದಾಗ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವಳ ಅಜ್ಜಿ ಯಾರೋ ಗಂಡಸು ಬಂದನೆಂದು ಗಾಬರಿಯಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ದೊಡ್ಡಪ್ಪ ಮಡಚಿಟ್ಟ ಪತ್ರಿಕೆ ತೆಗೆದು, ನನ್ನನ್ನೂ ಫೋಟೋವನ್ನೂ ಬಹಳ ಹೊತ್ತು ನೋಡಿದರು. ನಾನು ಹ್ಯಾಟು ತೆಗೆದೆ. ಜಡೆ ಬೆನ್ನ ಮೇಲೆ ಬಿತ್ತು.

"ಸರಿ ಕಣಮ್ಮ. ನೀನೇ ಅಂತ ಒಪ್ಪಿದೆ" ಎಂದರು.

ನನಗೆ ಉಸಿರು ಬಂದ ಹಾಗಾಯಿತು. "ಹಾಗಾದ್ರೆ ನಾಳೆಯಿಂದ ಕಳಿಸ್ತೀರಾ?"

"ನಮ್ಮನೆ ಹುಡುಗಿ ಸುಳ್ಳು ಹೇಳಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು. ಅವಳು ಹೇಳಿದ್ದನ್ನೇ ನೀನೂ ಹೇಳ್ದೆ. ಆದ್ರೆ ಈ ಪೇಪರು ಬಂದಿದ್ದು ನಂಗೊಬ್ಬನಿಗೇ ಅಲ್ಲವಲ್ಲ. ಎದುರಂಗಡಿಯವರೇ ತಂದು ಕೊಟ್ಟು, ನಿಮ್ಮ ಹುಡುಗಿ ಅಲ್ವಾ ಅಂದ್ರು. ಈಗ ಬಜಾರಿನ ಒಂದೊಂದು ಅಂಗಡಿಗೂ ನಿನ್ನ ಈ ವೇಷದಲ್ಲಿ ಕರ್ಕೊಂಡು ಹೋಗಿ ತೋರಿಸ್ಕೊಂಡು ಬರ್ಲಾ?"

"ಬರ್ತೀನಿ" ಎಂದೆ. ನಿಜವಾಗಿಯೂ ಹೋಗುತ್ತಿದ್ದೆ. ಮೀಸೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋಗುತ್ತಿದ್ದೆ.

"ನೀನು ಬರ್ತೀಯಮ್ಮ, ನಂಗೊತ್ತು. ನನ್ನ ಕೈಲಿ ಆಗಲ್ಲ" ಎಂದರು ದೊಡ್ಡಪ್ಪ. ಆಮೇಲೆ ಪತ್ರಿಕೆಯನ್ನು ಮೊದಲಿನಂತೆಯೇ ಮಡಚಿದರು. ಪರೀಕ್ಷೆಯಾದರೂ ಬರೆಯಲಿ ಎಂದೆ, ನಾನೇ ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತೇನೆ ಎಂದೆ, ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡು, ಕಾಫಿ ಆರುತ್ತಿದೆ ಕುಡಿ ಎಂದರು.

ಅವಳು ಮೆಟ್ಟಿಲ ತಲೆಯವರೆಗೆ ಬಂದಳು. ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದು ನನ್ನ ಮೀಸೆ ಒರೆಸಿದಳು.

"ಸಾರಿ ಕಣೇ. ನಾನೇ ಅಂತ ತೋರಿಸಿದ್ರೆ ಸಾಕು ಅಂದ್ಕೊಂಡಿದ್ದೆ" ಎಂದೆ.

"ನೀನು ಬಂದಿದ್ದು ಸಂತೋಷ ಮಾರಾಯ್ತಿ" ಎಂದು ಒರೆಸುತ್ತಲೇ ಹೇಳಿದಳು. "ಆದ್ರೆ ಒಳಗೆ ನಿಂತು ಕೇಳ್ತಿದ್ದೆ, ಫೋಟೋದಲ್ಲಿರೋದು ಹುಡುಗ ಅಲ್ಲ ಅಂತ ಹೇಳ್ದೆ ನೀನು. ಹುಡುಗನೇ ಆಗಿದ್ದಿದ್ರೆ ನನ್ನನ್ನ ಮನೇಲಿ ಕೂರಿಸೋದು ಸರಿ ಅಂತ ನೀನೂ ಒಪ್ಕೊಂಡ ಹಾಗೇ ಆಯ್ತಲ್ಲೇ."

ಸಿಟ್ಟಿನಿಂದ ಹೇಳಿದ್ದಲ್ಲ. ಯಾವಾಗಲೂ ಕ್ಲಾಸಿನಲ್ಲಿ ನನ್ನ ಉತ್ತರದ ತಪ್ಪು ತೋರಿಸುತ್ತಿದ್ದ ದನಿಯಲ್ಲೇ ಹೇಳಿದಳು. ಹೊರಗೆ ಯಾರದೋ ಗಾಡಿಯಿಂದ ಬಟ್ಟೆಯ ಬೇಲುಗಳನ್ನು ಇಳಿಸುತ್ತಿದ್ದರು. ಒಳಗಿನಿಂದ ಅವಳನ್ನು ಕರೆದರು, ಅವಳು ಹೋದಳು.

ಆ ಮಾತಿಗೆ ಉತ್ತರ ಹುಡುಕುತ್ತಲೇ ಪರೀಕ್ಷೆ ಬಂತು. ಫೀಸು ಮೊದಲೇ ಕಟ್ಟಿದ್ದರಿಂದ ಅವಳ ನಂಬರೂ ಬಂದಿತ್ತು. ಅವಳದಾದ ಮೇಲೆ ನನ್ನದು, ಹಾಗಾಗಿ ನನ್ನ ಮುಂದಿನ ಡೆಸ್ಕಿನ ಮೇಲೆ ಅವಳ ನಂಬರನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಮೊದಲ ದಿನ ಬಾಗಿಲ ಕಡೆಯೇ ನೋಡುತ್ತ ಕೂತೆ. ಅರ್ಧ ಗಂಟೆಯಾದ ಮೇಲೆ ಹಾಜರಿ ಹಾಳೆ ಹಿಡಿದುಕೊಂಡು ಬಂದ ಮೇಲ್ವಿಚಾರಕರು ಖಾಲಿ ಡೆಸ್ಕಿನ ಮುಂದೆ ನಿಂತು, "ಈ ನಂಬರಿನವರು ಬರ್ತಾರೇನಮ್ಮ? ಗೊತ್ತಾ ನಿಂಗೆ?" ಎಂದು ನನ್ನನ್ನು ಕೇಳಿದರು.

ಹುಡುಗನೇ ಆಗಿದ್ದರೂ ಅವಳನ್ನು ಮನೆಯಲ್ಲಿ ಕೂರಿಸುವುದು ತಪ್ಪು ಎಂದು ದೊಡ್ಡಪ್ಪನ ಎದುರು ಆಡಬೇಕಿದ್ದ ಮಾತನ್ನು ಇವರಿಗಾದರೂ ಹೇಳಬೇಕು ಅನಿಸಿತು. ಎದ್ದು ನಿಂತೆ. "ಬರಲ್ಲ ಸರ್" ಎಂದಷ್ಟೇ ಹೇಳಲು ಆಯಿತು. ಅವರು ಕೆಂಪು ಪೆನ್ನಿನಲ್ಲಿ ಅವಳ ನಂಬರಿನ ಮುಂದೆ ಗೈರು ಎಂದು ಬರೆದು, ಹಾಳೆಯನ್ನು ಸಹಿಗೆ ನನ್ನ ಕಡೆ ತಿರುಗಿಸಿದರು.